ಮಹಾಭಂಡಾರದ ಕಾರ್ಡು ಮತ್ತು ನನ್ನ ಹಲ್ಲು

ನಮ್ಮೂರಿನಲ್ಲಿ ಅಮಾವಾಸ್ಯೆಯ ಮಧ್ಯಾಹ್ನ ಊಟ ಮುಗಿಸಿ, ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬರುವಷ್ಟರಲ್ಲಿ, ಮನೆಯಲ್ಲಿ ತಿಂಗಳ ಖರ್ಚಿಗಿಂತ ಹೆಚ್ಚಿಗೆ ಇದ್ದ ದಿನಸಿಯೆಲ್ಲ ಮೂಡಲ ಪಕ್ಕದ ಮನೆಗೆ ಹೋಗಿರುತ್ತದೆ. ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಇಲ್ಲಿತ್ತು, ಈಗ ಅಲ್ಲಿದೆ, ಅಷ್ಟೇ. ಅವರಿಗೂ ಹೆಚ್ಚಾದರೆ ಅದರಾಚೆಯ ಮನೆಗೆ, ಹಾಗೇ ಬೀದಿಯ ಕೊನೆಯವರೆಗೆ. ನಮ್ಮ ಬೀದಿಯ ಕೊನೆಯಲ್ಲಿರುವುದು ಪುರಸಭೆ ಕಚೇರಿ. ಈ ವಿಷಯದಲ್ಲಿ ಏನಾದರೂ ಕ್ರಮ ಕೈಗೊಳ್ಳಿ ಎಂದು ಜನ ಮೂರು ತಲೆಮಾರಿನಿಂದ ಅಲ್ಲಿಗೇ ಅರ್ಜಿ ಕೊಡುತ್ತಿದ್ದಾರೆ. ಅರ್ಜಿ ಪರಿಶೀಲನೆಯಲ್ಲಿದೆ.

ಎಷ್ಟು ಸಾಕು, ಎಷ್ಟು ಹೆಚ್ಚು ಅನ್ನುವುದನ್ನು ಮನೆಯೇ ತೀರ್ಮಾನಿಸುತ್ತದೆ. ಉಣ್ಣಲು ಈಗ ಎಷ್ಟು ಜನ ಇದ್ದಾರೆ, ಏನೇನು ಉಣ್ಣುತ್ತಾರೆ ಅನ್ನುವುದೆಲ್ಲ ಅದಕ್ಕೆ ಗೊತ್ತು. ಮೋಸ ನಡೆಯುವುದಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹಿಂದಿನ ಬೀದಿಯವನೊಬ್ಬ ಅಕ್ಕಿ ಮೂಟೆಯನ್ನು ಕಾಲಿಗೆ ಕಟ್ಟಿಕೊಂಡು ಕೂತಿದ್ದ. ಮೂಟೆಯ ಜೊತೆಗೆ ಅವನೂ ಪಕ್ಕದ ಮನೆಗೆ ಹೋದ. ಅವನ ಹೆಂಡತಿ ನಾಲ್ಕು ದಿನ ಕರೆಯಲು ಹೋಗಲಿಲ್ಲ, ಹೆಚ್ಚಾದದ್ದು ತಾನೇ ಹೋಗಿರುವುದು ಅಂದಳಂತೆ. ಅಂಗಡಿಗಳಿಗೆ ಈ ಕಾಟ ಇಲ್ಲ. ದುಡ್ಡೂ ಎಲ್ಲಿಗೂ ಹೋಗುವುದಿಲ್ಲ. ದುಡ್ಡು ಹೆಚ್ಚಾಯಿತು ಅನ್ನುವ ಮನೆಯನ್ನು ನಮ್ಮೂರಿನ ಮನೆಗಳೂ ಕಂಡಿರಲಿಕ್ಕಿಲ್ಲ.

ಸಾಮಾನು ಬಂದವರು ಗೋಡೆಯ ಮೇಲಿಂದ 'ಬಂತು' ಅನ್ನಬೇಕು. ಕಳೆದುಕೊಂಡವರು 'ಬರಲಿ' ಅನ್ನಬೇಕು. ಅದಕ್ಕಿಂತ ಹೆಚ್ಚು ಮಾತಾಡುವುದು ಮರ್ಯಾದೆಯಲ್ಲ. ನಮ್ಮ ಮೂಡಲ ಮನೆಯ ದಾಕ್ಷಾಯಣಮ್ಮನವರು ಹೆಡ್‌ಮಾಸ್ಟರರ ವಿಧವೆ, ಒಂಟಿ ಜೀವ, ಪಿಂಚಣಿ ಬರುತ್ತದೆ. ಇಪ್ಪತ್ತು ವರ್ಷದಿಂದ ತಿಂಗಳಿಗೊಮ್ಮೆ 'ಬಂತು ಕೊಟ್ರಮ್ಮ' ಅನ್ನುತ್ತಿದ್ದರು, ನಾನು 'ಬರಲಿ' ಅನ್ನುತ್ತಿದ್ದೆ. ಹೋಗುತ್ತಿದ್ದುದಾದರೂ ಏನು, ಒಂದು ಹಿಡಿ ಮೆಂತ್ಯ, ಒಂದು ಉಂಡೆ ಬೆಲ್ಲ. ಬೀದಿಯ ಮೊದಲನೆಯದಾದ ನಮ್ಮ ಪಡುವಲ ಮನೆಗೆ ನಾನು ಮದುವೆಯಾಗಿ ಬರುವ ಮೊದಲೇ ಬೀಗ ಬಿದ್ದಿತ್ತು, ಹಾಗಾಗಿ ನಮಗೆ ಯಾವ ಕಡೆಯಿಂದಲೂ ಏನೂ ಬರುತ್ತಿರಲಿಲ್ಲ.

ಈಗ ನನ್ನ ಹಲ್ಲಿನ ವಿಚಾರ. ಐವತ್ತೆಂಟಕ್ಕೆ ನನ್ನ ದವಡೆಹಲ್ಲು ಒಂದೂ ಉಳಿದಿರಲಿಲ್ಲ. ಮುಂದಿನ ನಾಲ್ಕು ಹಲ್ಲು ನಗುವುದಕ್ಕೆ ಸಾಕು, ಆದರೆ ನಗುವಂಥದ್ದು ನಮ್ಮ ಮನೆಯಲ್ಲಿ ಏನಿತ್ತು? ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದೆ. ಶೇಂಗಾ ಅಂದರೆ ನನಗೆ ಪ್ರಾಣ, ಹುರಿದ ಶೇಂಗಾ, ಸಿಪ್ಪೆ ಉಜ್ಜಿ ಊದಿ ಒಂದೊಂದೇ ಬಾಯಿಗೆ ಹಾಕಿಕೊಳ್ಳುವುದು. ಅದನ್ನು ಬಾಯಿಗೆ ಹಾಕಿ ಆರು ವರ್ಷವಾಗಿತ್ತು. ಬಜಾರಿನ ಹಲ್ಲಿನ ಡಾಕ್ಟರು ಹಲ್ಲು ಕಟ್ಟಲು ಒಂಬತ್ತು ಸಾವಿರ ಹೇಳಿದ್ದರು. ಮನೆಮನೆಗೆ ಹಾಲು ಹಾಕಿ, ಸೀರೆಗೆ ಫಾಲ್ ಹೊಲಿದು, ಆರು ಸಾವಿರ ಕೂಡಿಸಿ ಮೆಂತ್ಯದ ಡಬ್ಬಿಯಲ್ಲಿ ಇಟ್ಟಿದ್ದೆ. ಆ ಡಬ್ಬಿ ಅಲ್ಲಾಡಿಸಿದಾಗಲೆಲ್ಲ ನನಗೆ ಬಾಯಲ್ಲಿ ನೀರು ಬರುತ್ತಿತ್ತು.

ಆಗ ಬಂತು ಮಹಾಭಂಡಾರ. ಊರಾಚೆ ಮುಚ್ಚಿದ ಹತ್ತಿ ಗಿರಣಿಯಲ್ಲಿ, ಬಸ್ ನಿಲ್ದಾಣದಷ್ಟು ದೊಡ್ಡ ಅಂಗಡಿ. ವರ್ಷಕ್ಕೆ ಹದಿನೈದು ನೂರು ಕಟ್ಟಿ ಸದಸ್ಯರಾದವರಿಗೆ ಮಾತ್ರ ಒಳಗೆ ಪ್ರವೇಶ. ಒಳಗೆ ಎಲ್ಲವೂ ಅಗ್ಗ, ಆದರೆ ಯಾವುದೂ ಚಿಕ್ಕದಿಲ್ಲ. ಅದರ ಕರಪತ್ರವನ್ನು ನಮ್ಮ ಯಜಮಾನರ ಕೈಗೆ ಕೊಟ್ಟವರು ದಾಕ್ಷಾಯಣಮ್ಮನವರೇ. ಗೋಡೆಯ ಮೇಲಿಂದ ಕೊಡುತ್ತಾ, ನನಗೆ ಒಂಟಿಗೆ ಎಲ್ಲಿ ಆಗಿಬರುತ್ತೆ, ನಿಮ್ಮಂಥ ಲೆಕ್ಕ ಬಲ್ಲವರಿಗೆ ಇದು ಅಂದರು. ಅವರ ಬಾಯಲ್ಲಿ ಆಗ ನನಗಿಂತಲೂ ಕಡಿಮೆ ಹಲ್ಲಿದ್ದವು, ಮಾತು ಗಾಳಿ ಸೇರಿಕೊಂಡು ಬರುತ್ತಿತ್ತು. ನಮ್ಮ ಯಜಮಾನರು ಹಾಲಪ್ಪನವರಿಗೆ ಮಾತ್ರ 'ಲೆಕ್ಕ ಬಲ್ಲವರು' ಅನ್ನುವುದು ಚೆನ್ನಾಗಿಯೇ ಕೇಳಿಸಿತು.

ಅವರು ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಬಸ್ಸು ಅವರನ್ನು ಬಿಟ್ಟಿತು, ಅವರು ಬಸ್ಸನ್ನು ಬಿಡಲಿಲ್ಲ. ಇವತ್ತಿಗೂ ನಾನು ಸ್ನಾನಕ್ಕೆ ಹೋದರೆ ಹೊರಗಿನಿಂದ 'ರೈಟ್' ಅನ್ನುತ್ತಾರೆ. ನನ್ನ ಹಲ್ಲಿನ ದುಡ್ಡನ್ನು ಅವರು ಕೇಳದೆ ತೆಗೆದುಕೊಂಡರು ಎಂದು ಹೇಳಿದರೆ ಅನ್ಯಾಯವಾದೀತು. ಕೇಳಿದರು. ತೆಗೆದುಕೊಂಡು ಖರ್ಚು ಮಾಡಿ ಬಂದ ಮೇಲೆ ಕೇಳಿದರು. ಸದಸ್ಯತ್ವಕ್ಕೆ ಹದಿನೈದು ನೂರು, ಉಳಿದದ್ದಕ್ಕೆ ಮೊದಲ ಕಂತಿನ ಸಾಮಾನು. ಬಾಡಿಗೆ ಆಟೋದಿಂದ ಇಳಿದದ್ದು ನೋಡಿ ನಾನು ಬಾಗಿಲಲ್ಲೇ ಕೂತೆ. ನಾವಿಬ್ಬರೂ ಸತ್ತು ನಮ್ಮ ತಿಥಿಯ ಅಡುಗೆಗೂ ಮಿಕ್ಕುವಷ್ಟು ಜೀರಿಗೆ. ಇಪ್ಪತ್ತೈದು ಕೇಜಿಯ ಬೇಳೆ ಮೂಟೆ. ಐದು ಕೇಜಿ ಶೇಂಗಾ, ಯಾರಿಗೆ ಅಂತ ನಾನು ಕೇಳಲಿಲ್ಲ. ಮೂರು ಲೀಟರಿನ ಶಾಂಪೂ ಡಬ್ಬ, ತಂದವರ ತಲೆಯಲ್ಲಿ ಕೂದಲಿದ್ದದ್ದು ಕಿವಿಯ ಸುತ್ತ ಮಾತ್ರ.

"ವರ್ಷ ತುಂಬೋದ್ರೊಳಗೆ ಇದರಲ್ಲಿ ಉಳಿದ ದುಡ್ಡಲ್ಲೇ ನಿನ್ನ ಹಲ್ಲು ಕಟ್ಟಿಸ್ತೀನಿ ನೋಡ್ತಿರು," ಅಂದರು. "ಬೇಕಾದ್ರೆ ಬರೆದು ಕೊಡ್ತೀನಿ."

ಅಮಾವಾಸ್ಯೆ ಅಂದೆ. ಅದಕ್ಕೂ ಒಂದು ವ್ಯವಸ್ಥೆ ಮಾಡ್ತೀನಿ ಅಂದರು. ಅಮಾವಾಸ್ಯೆಯವರೆಗೆ ವ್ಯವಸ್ಥೆಯ ಯೋಚನೆ ನಡೆಯಿತು, ಅಮಾವಾಸ್ಯೆಯೂ ಬಂತು. ಆ ಮಧ್ಯಾಹ್ನ ಪಾತ್ರೆ ತೊಳೆದು ಒಳಗೆ ಬಂದಾಗ ಮೂಟೆಯಿದ್ದ ಜಾಗದಲ್ಲಿ ಎರಡು ಕೇಜಿ ಬೇಳೆ ಇತ್ತು. ಜೀರಿಗೆ ಒಂದು ಬಟ್ಟಲು. ಶಾಂಪೂ ಡಬ್ಬವೇ ಇರಲಿಲ್ಲ. ಶೇಂಗಾ ಒಂದು ಕಾಳೂ ಇರಲಿಲ್ಲ, ನನಗೆ ಹಲ್ಲಿಲ್ಲ, ಯಜಮಾನರಿಗೆ ಶೇಂಗಾ ಪಿತ್ತ, ಅದನ್ನು ಅಗಿಯುವವರು ಯಾರೂ ಇಲ್ಲವೆಂದು ಮನೆ ಅರ್ಥ ಮಾಡಿಕೊಂಡಿತ್ತು. ಗೋಡೆಯಾಚೆಯಿಂದ ದಾಕ್ಷಾಯಣಮ್ಮ ಬಹಳ ನಯವಾಗಿ 'ಬಂತು ಕೊಟ್ರಮ್ಮ' ಅಂದರು. ನಾನು 'ಬರಲಿ' ಅಂದೆ. ಯಜಮಾನರು ಬರಿದಾದ ಮೂಲೆಯನ್ನು ಬಹಳ ಹೊತ್ತು ನೋಡಿದರು. ಕೊನೇ ನಿಲ್ದಾಣದಲ್ಲಿ ಬಸ್ಸಿನಿಂದ ಎಲ್ಲರೂ ಇಳಿದು ಹೋದ ಮೇಲೆ ಅವರು ಹೀಗೆಯೇ ನೋಡುತ್ತಿದ್ದಿರಬೇಕು.

ಮರುದಿನ ಬೆಳಿಗ್ಗೆ ಅವರಿಗೆ ಉಪಾಯ ಹೊಳೆಯಿತು. ತಪ್ಪಿರುವುದು ಸಾಮಾನಿನಲ್ಲಿ ಅಲ್ಲ, ನಮ್ಮಲ್ಲಿ. ಐವತ್ತು ಸೀಟಿನ ಗಾಡಿಯಲ್ಲಿ ಇಬ್ಬರೇ ಕೂತರೆ ನಷ್ಟವಾಗದೆ ಇನ್ನೇನಾಗುತ್ತೆ? ಉಣ್ಣುವ ಬಾಯಿ ಹೆಚ್ಚಾದರೆ ಮನೆಯ ಲೆಕ್ಕವೂ ಹೆಚ್ಚಾಗುತ್ತದೆ, ಆಗ ಸಾಮಾನು ದಾಟುವುದಿಲ್ಲ. ತಲೆಗೆ ಬೀಳುವ ಖರ್ಚೂ ಇಳಿಯುತ್ತದೆ. ಇದನ್ನು ಹೇಳುವಾಗ ಅವರ ಮುಖದಲ್ಲಿದ್ದಂಥ ಕಳೆಯನ್ನು ಮದುವೆಯ ದಿನವೂ ನಾನು ನೋಡಿರಲಿಲ್ಲ.

ಅಂದಿನಿಂದ ನಮ್ಮ ಮನೆಗೆ ಜನ ಹತ್ತತೊಡಗಿದರು. ಹಳೆಯ ಡ್ರೈವರುಗಳು ಮೂವರು. ಹಿಂದೊಮ್ಮೆ ಇವರನ್ನು ಟಿಕೆಟ್ ವಿಷಯದಲ್ಲಿ ಹಿಡಿದಿದ್ದ ಚೆಕಿಂಗ್ ಇನ್‌ಸ್ಪೆಕ್ಟರು. ಬಸ್ ನಿಲ್ದಾಣದಲ್ಲಿ ಕೈ ನೋಡಿ ಭವಿಷ್ಯ ಹೇಳುವವನು. ಅವನು ಮೊದಲ ದಿನವೇ ನನ್ನ ಕೈ ನೋಡಿ, ನಿಮಗೆ ಅನ್ನಪೂರ್ಣೆಯ ಯೋಗ ಇದೆ ತಾಯಿ ಅಂದ. ಅದು ಹೇಳಲು ಕೈ ನೋಡಬೇಕಿರಲಿಲ್ಲ, ಕೈಯಲ್ಲಿದ್ದ ಸೌಟು ನೋಡಿದರೆ ಸಾಕಿತ್ತು. ಎರಡನೇ ತಿಂಗಳಿಗೆ ಹದಿನೆಂಟು ಜನರಾದರು. ಯಜಮಾನರು ಬಾಗಿಲಲ್ಲಿ ನಿಂತು 'ಒಳಗೆ ಹೋಗಿ, ಒಳಗೆ ಜಾಗ ಇದೆ' ಅನ್ನುತ್ತಿದ್ದರು. ಎಲೆ ಖಾಲಿ ಬಿದ್ದರೆ ಅವರ ಜೀವ ಚಡಪಡಿಸುತ್ತಿತ್ತು, ಬೀದಿಯಲ್ಲಿ ಹೋಗುವವರನ್ನು ಕರೆದು ಕೂರಿಸುತ್ತಿದ್ದರು.

ಸಂಜೆ ನನಗೆ ಲೆಕ್ಕ ಒಪ್ಪಿಸುವರು. ಮೊದಲು ಒಂದು ಊಟಕ್ಕೆ ನಲವತ್ತು ರೂಪಾಯಿ ಬೀಳುತ್ತಿತ್ತು, ಈಗ ಹತ್ತೊಂಬತ್ತಕ್ಕೆ ಇಳಿದಿದೆ, ಇನ್ನು ಆರು ಜನ ಸಿಕ್ಕರೆ ಹದಿನೇಳು. ಅರ್ಧಕ್ಕೆ ಅರ್ಧ ಉಳಿತಾಯ. ಅದನ್ನು ಎಷ್ಟರಿಂದ ಗುಣಿಸಬೇಕು ಎಂದು ನಾನು ಕೇಳಿದೆ. ಅವರು ಗುಣಾಕಾರದ ತಂಟೆಗೆ ಹೋಗಲಿಲ್ಲ, ಅವರದು ಭಾಗಾಕಾರ ಮಾತ್ರ. ಪಿಂಚಣಿ ಬಂದ ವಾರದಲ್ಲೇ ಕರಗತೊಡಗಿತು. ಆ ಅಮಾವಾಸ್ಯೆಗೆ ನಿಜಕ್ಕೂ ಒಂದು ಕಾಳೂ ದಾಟಲಿಲ್ಲ. ಅವರು ಗೆದ್ದವರಂತೆ ಅಂಗಳದಲ್ಲಿ ಓಡಾಡಿದರು. ಗೋಡೆಯಾಚೆಯಿಂದ ದಾಕ್ಷಾಯಣಮ್ಮ ಕಳವಳದಿಂದ, ಏನಮ್ಮ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು.

ನನ್ನ ಕ್ಷೇಮ ಹೇಳುವುದಾದರೆ, ಬೆಳಿಗ್ಗೆ ಐದಕ್ಕೆ ಎದ್ದು ಹದಿನೆಂಟು ಜನಕ್ಕೆ ರೊಟ್ಟಿ ತಟ್ಟುತ್ತಿದ್ದೆ. ಕೋಸಂಬರಿ, ಹುರಿದ ಕಾಳು, ಕಟುಂ ಕುಟುಂ ಅನ್ನುವ ಹಪ್ಪಳ. ಹದಿನೆಂಟು ಜನ ಒಟ್ಟಿಗೆ ಹಪ್ಪಳ ಕಡಿಯುವ ಸದ್ದನ್ನು ಅಡುಗೆಮನೆಯಲ್ಲಿ ಕೂತು ಕೇಳುತ್ತಾ ನಾನು ರೊಟ್ಟಿಯನ್ನು ಸಾರಿನಲ್ಲಿ ನೆನೆಸುತ್ತಿದ್ದೆ. ಒಂದು ದಿನ ಚೆಕಿಂಗ್ ಇನ್‌ಸ್ಪೆಕ್ಟರು ಒಳಗೆ ಇಣುಕಿ, ಶೇಂಗಾ ಇನ್ನೊಂದು ಸ್ವಲ್ಪ ಹುರಿಯಬಹುದಿತ್ತು, ಹಲ್ಲಿಗೆ ಮೆತ್ತಗೆ ಸಿಗುತ್ತಿವೆ ಎಂದರು. ನನಗೆ ಅಳು ಬಂತು. ಸಿಟ್ಟಿನ ಅಳು. ನನ್ನ ಹಲ್ಲಿನ ದುಡ್ಡಿನ ಕಾರ್ಡಿನಲ್ಲಿ ತಂದ ಶೇಂಗಾ, ಕಂಡವರ ಹಲ್ಲಿಗೆ ಮೆತ್ತಗಾಗಿತ್ತು.

"ನಾಳೆಯಿಂದ ನನಗೆ ಅಗಿಯೋಕಾಗೋದನ್ನ ಮಾತ್ರ ಮಾಡ್ತೀನಿ," ಅಂದೆ ಯಜಮಾನರಿಗೆ. "ನಿಮ್ಮ ಪ್ಯಾಸೆಂಜರುಗಳಿಗೆ ಹೇಳಿಬಿಡಿ."

ಮರುದಿನ ಗಂಜಿ. ಅದರ ಮರುದಿನ ನುಚ್ಚು. ಮೂರನೇ ದಿನ ಮತ್ತೆ ಗಂಜಿ, ಉಪ್ಪಿಲ್ಲದೆ ಸಪ್ಪೆಯಾಗಿ. ಒಂದು ವಾರದಲ್ಲಿ ಗಾಡಿ ಖಾಲಿಯಾಯಿತು. ಕೊನೆಯವನಾಗಿ ಇಳಿದದ್ದು ಕೈ ನೋಡುವವನು, ಇದು ಮಾತ್ರ ಅವನ ಲೆಕ್ಕದಲ್ಲಿ ಇರಲಿಲ್ಲವಂತೆ. ನನ್ನ ಲೆಕ್ಕದಲ್ಲಿ ಇಲ್ಲದ್ದು ಒಂದೇ. ಹದಿನೆಂಟು ಜನಕ್ಕೆಂದು ತಂದು ಪೇರಿಸಿದ್ದ ಸಾಮಾನು ಮನೆಯಲ್ಲೇ ಇತ್ತು, ಉಣ್ಣಲು ಮತ್ತೆ ನಾವಿಬ್ಬರೇ ಉಳಿದಿದ್ದೆವು. ಅಮಾವಾಸ್ಯೆಗೆ ಮೂರು ದಿನವಿತ್ತು. ಅದನ್ನೆಲ್ಲ ಬೇಯಿಸಿ ಊರಿಗೆ ಹಂಚೋಣವೆಂದೆ, ಬೇಯಿಸಿದ್ದಕ್ಕೆ ಈ ಕಾಟವಿಲ್ಲ. ಯಜಮಾನರು ಒಪ್ಪಲಿಲ್ಲ, ಡ್ರೈವರುಗಳನ್ನು ವಾಪಸ್ಸು ಕರೆದುಕೊಂಡು ಬರುತ್ತೇನೆಂದು ಹೋದರು. ಡ್ರೈವರುಗಳಿಗೆ ಅಷ್ಟರಲ್ಲಿ ಮಧುಮೇಹ ಶುರುವಾಗಿತ್ತಂತೆ. ಆ ಅಮಾವಾಸ್ಯೆ ನಮ್ಮ ಮನೆಯಿಂದ ಹೊರಟದ್ದು ದಾಕ್ಷಾಯಣಮ್ಮನವರ ಮನೆ ತುಂಬಿ, ಅದರಾಚೆಯ ಹನ್ನೊಂದು ಮನೆ ತುಂಬಿ, ಪುರಸಭೆ ಕಚೇರಿ ತಲುಪಿತು. ಕಚೇರಿಯಲ್ಲಿ ನಾಲ್ಕು ದಿನ ಕಡತ ಇಡಲು ಜಾಗವಿರಲಿಲ್ಲವೆಂದು ಕೆಲಸ ನಿಂತಿತು. ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ.

ಇಷ್ಟಾದ ಮೇಲಾದರೂ ಬಿಡಬೇಕಲ್ಲ. ಹದಿನೈದು ನೂರು ಕಟ್ಟಿದ್ದೇವೆ, ಪಾಸು ತೆಗೆದುಕೊಂಡು ಬಸ್ಸು ಹತ್ತದವನು ಮೂರ್ಖ ಅಂದರು. ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ ಹತ್ತಿದರು. ನಾನು ತಿಂಗಳಿಗೊಮ್ಮೆ 'ಬರಲಿ' ಅಂದೆ.

ವರ್ಷದ ಕೊನೆಗೆ ಮಹಾಭಂಡಾರದವರು ಒಂದು ಚೀಟಿ ಮುದ್ರಿಸಿ ಕೊಟ್ಟರು. ಪ್ರಿಯ ಸದಸ್ಯರೇ, ಈ ವರ್ಷ ನೀವು ಉಳಿಸಿದ ಹಣ ಹದಿನೆಂಟು ಸಾವಿರದ ಮುನ್ನೂರ ನಲವತ್ತು ರೂಪಾಯಿ. ಯಜಮಾನರು ಅದನ್ನು ನನ್ನ ಮುಂದೆ ಎರಡು ಸಲ ಓದಿದರು. ನಾನು ಒಂಬತ್ತು ಸಾವಿರ ಸಾಕು ಎಂದು ಕೈ ಚಾಚಿದೆ. ಮಿಕ್ಕದ್ದು ನೀವೇ ಇಟ್ಟುಕೊಳ್ಳಿ ಎಂದೂ ಹೇಳಿದೆ. ಅವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಜೇಬು ಮುಟ್ಟಿ ನೋಡಿಕೊಂಡರು. ಬೇರೆ ದಿನವಾಗಿದ್ದರೆ ನನಗೆ ಪಾಪ ಅನ್ನಿಸುತ್ತಿತ್ತು. ಅಂದು ಅನ್ನಿಸಲಿಲ್ಲ.

ಅದೇ ವಾರ ಬಟ್ಟೆ ಒಣಹಾಕುತ್ತಿದ್ದಾಗ ಗೋಡೆಯಾಚೆಯಿಂದ ದಾಕ್ಷಾಯಣಮ್ಮ ನನ್ನನ್ನು ನೋಡಿ ನಕ್ಕರು. ಬಾಯಿ ತುಂಬ ಹಲ್ಲು. ಬೆಳ್ಳಗೆ, ಸಾಲಾಗಿ, ಒಂದೂ ತಪ್ಪಿಲ್ಲದ ಹಾಗೆ. ನನ್ನ ಕೈಯಲ್ಲಿದ್ದ ಲಂಗ ನೆಲಕ್ಕೆ ಬಿತ್ತು.

"ವರ್ಷದಿಂದ ಅಂಗಡಿ ಮುಖ ನೋಡಿಲ್ಲ ನೋಡಿ," ಅಂದರು, ಮಾತು ಈಗ ಒಂದೊಂದೂ ಸ್ಪಷ್ಟ. "ಪಿಂಚಣಿ ಹಂಗೇ ಉಳೀತು. ಬಜಾರಿನ ಡಾಕ್ಟ್ರ ಹತ್ರಾನೇ ಕಟ್ಟಿಸ್ದೆ." ಆಮೇಲೆ ಧ್ವನಿ ತಗ್ಗಿಸಿ, "ಅಲ್ಲ ಕೊಟ್ರಮ್ಮ, ನಿಮ್ಮ ಪಡುವಲ ಮನೆಗೆ ಯಾರೋ ಬಾಡಿಗೆಗೆ ಬಂದ್ರಂತೆ, ಹೌದಾ?" ಅಂದರು.

ನಾನು ಲಂಗ ಎತ್ತಿಕೊಂಡು ಒಳಗೆ ಬಂದು ಕೂತೆ. ಆ ಕರಪತ್ರ ಅವರು ಯಾಕೆ ಕೊಟ್ಟಿದ್ದರು ಅನ್ನುವುದು ತಿಳಿಯಲು ನನಗೆ ಒಂದು ವರ್ಷ ಹಿಡಿದಿತ್ತು. ಮೈಯೆಲ್ಲ ಉರಿಯಿತು. ಉರಿ ಆರಿದ ಮೇಲೆ, ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚಾಯಿತು. ಮೂವತ್ತನಾಲ್ಕು ವರ್ಷ ಟಿಕೆಟ್ ಹರಿದವರಿಗೆ ಬಾರದ ಲೆಕ್ಕ ಬೊಚ್ಚುಬಾಯಿಯ ಹೆಂಗಸಿಗೆ ಬಂದಿತ್ತು. ಯಜಮಾನರು ಸದಸ್ಯತ್ವ ಮುಂದುವರಿಸಬೇಕೆಂದು ಕಾರ್ಡು ಹುಡುಕುತ್ತಿದ್ದರು. ಅದು ನನ್ನ ಕೈಗೆ ಮೊದಲು ಸಿಕ್ಕಿತ್ತು, ದೋಸೆ ಕಾವಲಿ ಕೆರೆಯಲು ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ. ಆ ವರ್ಷ ಅದರಿಂದ ನಮಗೆ ಆದ ಲಾಭ ಅದೊಂದೇ.

ಪಡುವಲ ಮನೆಗೆ ಬಂದಿದ್ದವರು ಹೊಸದಾಗಿ ಮದುವೆಯಾದವರು. ಹುಡುಗ ಆಸ್ಪತ್ರೆಯಲ್ಲಿ ಕಂಪೌಂಡರು, ಹುಡುಗಿಯ ಹೆಸರು ಸುಚೇತ, ಅವಳೂ ಇದೇ ಊರಿನ ಕೆಳಗಿನ ಪೇಟೆಯವಳು. ಸ್ಕೂಟರಿಗೆಂದು ದುಡ್ಡು ಕೂಡಿಸುತ್ತಿದ್ದರು. ಹದಿನೈದು ದಿನಕ್ಕೇ ಅವಳು ಕೈಯಲ್ಲಿ ಕರಪತ್ರ ಹಿಡಿದು ಬಂದಳು. ಯಾರು ಕೊಟ್ಟರೆಂದು ನಾನು ಕೇಳಲಿಲ್ಲ. ನೀವು ಒಂದು ವರ್ಷ ನೋಡಿದ್ದೀರಲ್ಲ ಆಂಟಿ, ನಿಜಕ್ಕೂ ಉಳಿಯುತ್ತಾ ಎಂದು ಕೇಳಿದಳು.

ಒಂದೇ ಮಾತು ಸಾಕಿತ್ತು. ಉಳಿಯುತ್ತೆ ಅಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ, ಉಳಿದದ್ದನ್ನು ಗೋಡೆಯಾಚೆ ನಾನು ಕಣ್ಣಾರೆ ನೋಡಿದ್ದೆ. ಆ ಮಾತು ನಾಲಿಗೆಯ ಮೇಲೆ ಬಂದು ಕೂತಿತು. ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಯಾಕೋ ನನ್ನ ಕೈಯಲ್ಲಾಗಲಿಲ್ಲ.

"ಬೇಡ ಕಣವ್ವ," ಅಂದೆ. "ನೀವು ತರೋದೆಲ್ಲ ಅಮಾವಾಸ್ಯೆಗೆ ನನ್ನ ಮನೆಗೆ ಬರುತ್ತೆ. ನಿಮ್ಮ ಸ್ಕೂಟರ್ ದುಡ್ಡು ನನ್ನ ಬಾಯೊಳಗೆ ಹೋಗುತ್ತೆ. ನನ್ನ ದುಡ್ಡು ಹಂಗೇ ಹೋಯ್ತು."

ಆಮೇಲೆ ಮೂಟೆ, ಹದಿನೆಂಟು ಜನ, ಗಂಜಿ, ಚೀಟಿ, ದಾಕ್ಷಾಯಣಮ್ಮನವರ ಹಲ್ಲು, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಕಣ್ಣು ಅರಳಿಸಿ ಪೂರ್ತಿ ಕೇಳಿದಳು. ಅಂಕಲ್ ಪಾಪ ಅಂದಳು. ಬಾಗಿಲವರೆಗೆ ಹೋದವಳು ತಿರುಗಿ, "ನಾವು ಹಂಗೆಲ್ಲ ಮಾಡಲ್ಲ ಆಂಟಿ, ಲೆಕ್ಕ ಹಾಕಿ ತರ್ತೀವಿ," ಅಂದಳು. ಸೋಮವಾರ ಬಾಡಿಗೆ ಆಟೋ ಅವರ ಬಾಗಿಲಲ್ಲಿ ನಿಂತಿತ್ತು. ಮೂರು ಲೀಟರಿನ ಶಾಂಪೂ ನನಗೆ ಗುರುತು ಸಿಕ್ಕಿತು.

ಅಮಾವಾಸ್ಯೆಯ ಮಧ್ಯಾಹ್ನ ಪಾತ್ರೆ ತೊಳೆದು ಒಳಗೆ ಬಂದರೆ ಡಬ್ಬಿಗಳೆಲ್ಲ ತುಂಬಿದ್ದವು. ಅಕ್ಕಿ, ಬೇಳೆ, ಎಣ್ಣೆ, ಸೋಪು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನಾನು ಪಡುವಲ ಗೋಡೆಯ ಹತ್ತಿರ ಹೋಗಿ 'ಬಂತು' ಅಂದೆ. ಆಚೆ ಸುಚೇತ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ನೋಡುವುದು ಕೇಳಿಸಿತು. ಆಮೇಲೆ 'ಬರಲಿ' ಅಂದಳು. ಆ ಧ್ವನಿ ನನಗೆ ಚೆನ್ನಾಗಿ ಗೊತ್ತಿತ್ತು, ಹಿಂದಿನ ವರ್ಷ ಅದು ನನ್ನದೇ ಆಗಿತ್ತು. ಮನಸ್ಸಿಗೆ ಕಸಿವಿಸಿಯಾಗಿ ವಾರಕ್ಕೊಮ್ಮೆ ಅವರಿಗೆ ಹುಗ್ಗಿಯೋ ಹೋಳಿಗೆಯೋ ಮಾಡಿ ಕಳಿಸತೊಡಗಿದೆ. ಬೇಳೆ ಅವರದೇ, ಗ್ಯಾಸು ನನ್ನದು. ಆಂಟಿ ಎಷ್ಟು ಒಳ್ಳೆಯವರು ಎಂದು ಅವಳು ಬೀದಿಗೆಲ್ಲ ಹೇಳಿದಳು. ಮತ್ತೆ ಎರಡು ಸಲ ಕಾರ್ಡು ಬಿಡು ಅಂದೆ, ಕಾರ್ಡಿಗೆ ಕಟ್ಟಿದ ದುಡ್ಡು ವಸೂಲಾಗಬೇಕಲ್ಲ ಆಂಟಿ ಅಂದಳು. ಇದನ್ನು ಕೇಳಿಸಿಕೊಂಡ ಯಜಮಾನರು, ಹುಡುಗಿಗೆ ಲೆಕ್ಕ ಗೊತ್ತು ಅಂದರು.

ನಾಲ್ಕು ತಿಂಗಳು ಅಂಗಡಿಗೆ ಹೋಗಲಿಲ್ಲ. ಮೆಂತ್ಯದ ಡಬ್ಬಿ ಮತ್ತೆ ತುಂಬಿತು, ಈ ಸಲ ಅದನ್ನು ನೀರಿನ ಹಂಡೆಯ ಹಿಂದೆ ಇಟ್ಟಿದ್ದೆ. ಶೇಂಗಾ ಮಾತ್ರ ಒಂದು ಕಾಳೂ ನಮ್ಮಲ್ಲಿ ನಿಲ್ಲುತ್ತಿರಲಿಲ್ಲ. ಸುಚೇತಳ ಮನೆಯಿಂದ ಹೊರಟದ್ದು ನಮ್ಮ ಮನೆಯನ್ನು ದಾಟಿ ನೇರ ದಾಕ್ಷಾಯಣಮ್ಮನವರಲ್ಲಿಗೆ ಹೋಗುತ್ತಿತ್ತು. ಅವರು ಅಂಗಳದಲ್ಲಿ ಕೂತು ಅಗಿಯುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಐದನೇ ತಿಂಗಳು ಒಬ್ಬಳೇ ಬಜಾರಿಗೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬಂದೆ. ಯಜಮಾನರು ನೋಡಿ, ಹೇಳಿದ್ದೆನಲ್ಲ, ಒಂದು ವರ್ಷ ಅಂದದ್ದು ಸ್ವಲ್ಪ ಲೇಟಾಯಿತು ಅಷ್ಟೆ ಅಂದರು. ನಾನು ಅವರನ್ನು ಕಚ್ಚಲಿಲ್ಲ. ಹಲ್ಲು ಇನ್ನೂ ಹೊಸದು. ಮೊದಲು ಒಂದು ರೊಟ್ಟಿ ತಿಂದೆ, ಸಾರಿಲ್ಲದೆ, ಅಂಚು ಗಟ್ಟಿಯಾದದ್ದನ್ನು. ಆಮೇಲೆ ಅಂಗಡಿಯಿಂದ ಎರಡು ರೂಪಾಯಿಯ ಶೇಂಗಾ ತರಿಸಿ ತಿಂದೆ.

ಮನೆ ಅದನ್ನು ನೋಡಿಕೊಂಡಿತ್ತು. ಮುಂದಿನ ಅಮಾವಾಸ್ಯೆ ಪಾತ್ರೆ ತೊಳೆದು ಒಳಗೆ ಬಂದಾಗ ಮೂಲೆಯ ಡಬ್ಬಿಯಲ್ಲಿ ಶೇಂಗಾ ನಿಂತಿತ್ತು, ಬಾಯಿಯವರೆಗೆ. ಒಂದು ಹಿಡಿ ಹುರಿದು, ಸಿಪ್ಪೆ ಉಜ್ಜಿ ಊದಿ, ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತೆ. ಪಡುವಲಕ್ಕೆ ಆಗಲೇ 'ಬಂತು' ಹೇಳಿಯಾಗಿತ್ತು. ಮೂಡಲ ಗೋಡೆಯ ಮೇಲೆ ದಾಕ್ಷಾಯಣಮ್ಮನವರ ತಲೆ ಕಾಣಿಸಿತು.

"ಕೊಟ್ರಮ್ಮ, ಈ ಸಲ ಶೇಂಗಾ ಬರಲೇ ಇಲ್ವಲ್ಲ," ಅಂದರು.

ನಾನು ಬಾಯಲ್ಲಿದ್ದದ್ದನ್ನು ಎರಡೂ ದವಡೆಗೆ ಹಾಕಿ ನಿಧಾನವಾಗಿ, ಅವರಿಗೆ ಚೆನ್ನಾಗಿ ಕೇಳಿಸುವ ಹಾಗೆ, ಪೂರ್ತಿ ಅಗಿದು ನುಂಗಿದೆ. ಆಮೇಲೆ 'ಬರಲಿ' ಅಂದೆ.